ಒಂಬತ್ತು ಹಂದಿಮರಿಗಳ ಪಂಕ್ತಿ

ಬಂಗಾರಪೇಟೆಯಲ್ಲಿ ಪಾನಿಪುರಿಯ ನೀರಿಗೆ ಬಣ್ಣವಿರುವುದಿಲ್ಲ. ನೋಡಿದರೆ ಬಾವಿಯ ನೀರು, ಬಾಯಿಗಿಟ್ಟರೆ ಬೆಳ್ಳುಳ್ಳಿ ಮತ್ತು ಹಸಿಮೆಣಸಿನಕಾಯಿ. ಕಳೆದ ತಿಂಗಳು ನಂಟರ ಮದುವೆಗೆ ಹೋದವನು ಸಂಜೆ ಒಂದು ಗಾಡಿಯ ಮುಂದೆ ನಿಂತು ಮೊದಲ ಪುರಿ ಬಾಯಿಗೆ ಹಾಕಿಕೊಂಡೆ. ಹೆಂಡತಿ "ಹೇಗಿದೆ?" ಎಂದಳು. "ಹಂದಿಮರಿಯ ವಾಸನೆ" ಎಂದೆ. ಅವಳು ತನ್ನ ತಟ್ಟೆಯನ್ನು ಮೆಲ್ಲಗೆ ಗಾಡಿಯ ಮೇಲಿಟ್ಟಳು. ಗಾಡಿಯವನು ನನಗೆ ಎರಡನೆಯ ಪುರಿ ಕೊಡಲಿಲ್ಲ. ನಾನು ಹೇಳಿದ್ದು ಹೊಗಳಿಕೆ ಎಂದು ಇಬ್ಬರಿಗೂ ತಿಳಿಸಿ ಹೇಳುವಷ್ಟರಲ್ಲಿ ಒಬ್ಬರು ರಿಕ್ಷಾ ಹತ್ತಿದ್ದರು, ಇನ್ನೊಬ್ಬರು ಬೇರೆ ಗಿರಾಕಿಯ ಕಡೆ ತಿರುಗಿದ್ದರು.

ಹೇಳಬೇಕೆಂದಿದ್ದದ್ದು ಇದು. ಎಂಬತ್ತರ ದಶಕದ ಒಂದು ಮಳೆಗಾಲವನ್ನು ನಾನು ಬೆಳ್ಳುಳ್ಳಿ ವಾಸನೆಯ ಒಂಬತ್ತು ಹಂದಿಮರಿಗಳ ಜೊತೆ ಕಳೆದೆ. ಆಗ ನಾನು ಹೊಸ ಪಶುವೈದ್ಯ, ಬಂಗಾರಪೇಟೆ ಕಡೆ ಮೊದಲ ನೌಕರಿ. ಆ ವರ್ಷ ನನಗೆ ದಪ್ಪ ಮೀಸೆ ಇತ್ತೆಂದು ಸ್ಪಷ್ಟವಾಗಿ ನೆನಪಿದೆ. ಆಗಿನ ಒಂದು ಫೋಟೋ ಮನೆಯಲ್ಲಿದೆ, ಅದರಲ್ಲಿ ಮೀಸೆ ಇಲ್ಲ. ಆದ್ದರಿಂದ ಮುಂದೆ ನಾನು ಬರೆಯುವುದನ್ನು ಆ ಮೀಸೆಯನ್ನು ನಂಬಿದಷ್ಟೇ ನಂಬಬೇಕು.

ಕಾಮಸಮುದ್ರದ ಬಸ್ಸಿನಲ್ಲಿ ಹೋಗಿ, ನಡುದಾರಿಯಲ್ಲಿ ಇಳಿದು, ಕೆರೆಯ ಏರಿಯ ಮೇಲೆ ಒಂದು ಮೈಲಿ ನಡೆದರೆ ರತ್ನಮ್ಮನ ಊರು. ರತ್ನಮ್ಮನಿಗೆ ಆಗ ಮೂವತ್ತರ ಸುಮಾರು. ಗಂಡ ಮೈಸೂರು ಮೈನ್ಸ್‌ನಲ್ಲಿ ಚಿನ್ನದ ಗಣಿಗೆ ಇಳಿಯುತ್ತಿದ್ದ, ಪಾಳಿ ಮುಗಿಸಿ ಬರುವಾಗ ಊರಿಗಾಂನ ಹೋಟೆಲುಗಳಲ್ಲಿ ಮಿಕ್ಕ ಇಡ್ಲಿ ಸಾಂಬಾರನ್ನು ಹಂದಿಗೆಂದು ಡಬ್ಬದಲ್ಲಿ ತುಂಬಿಕೊಂಡು ಬರುತ್ತಿದ್ದ. ಇಲಾಖೆಯ ಯೋಜನೆಯೊಂದರಲ್ಲಿ ಅವಳಿಗೆ ಒಂದು ಬಿಳಿ ಸೀಮೆಹಂದಿ ಸಿಕ್ಕಿತ್ತು. ಉದ್ದ ಬೆನ್ನು, ಗುಲಾಬಿ ಕಿವಿ, ಊರಿನ ಕರಿಹಂದಿಗಳ ನಡುವೆ ಮದುವೆಮನೆಗೆ ಬಂದ ಪಟ್ಟಣದ ಹೆಂಗಸಿನ ಹಾಗೆ ಕಾಣುತ್ತಿತ್ತು. ರತ್ನಮ್ಮ ಅದನ್ನು ಬಹುವಚನದಲ್ಲೇ ಕರೆಯುತ್ತಿದ್ದಳು. "ಅವರು ಬೆಳಗಿಂದ ಏನೂ ಉಂಡಿಲ್ಲ ಸಾರ್." ಯಾಕೆಂದು ಕೇಳಿದೆ. "ಸರ್ಕಾರದೋರಲ್ವಾ."

ಆ ಹಂದಿ ಹಿಂದಿನ ಸಲ ಹನ್ನೊಂದು ಮರಿ ಹಾಕಿತ್ತು. ತಾಯಿಹಾಲು ಬಿಡಿಸಿದ ಮೇಲೆ ಭೇದಿ ಹಿಡಿದು ಉಳಿದದ್ದು ಎರಡು. ಹಂದಿ ಸಾಕುವವರಿಗೆ ಇದು ಗೊತ್ತಿರುವ ಗಂಡಾಂತರ. ಹಾಲು ಬಿಟ್ಟ ಮೊದಲ ನಾಲ್ಕು ವಾರ ಮರಿಯ ಹೊಟ್ಟೆಗೆ ಹೊಸ ತಿನಿಸು ಒಗ್ಗುವುದಿಲ್ಲ, ಬೆಳಿಗ್ಗೆ ಕುಣಿಯುತ್ತಿದ್ದದ್ದು ಸಂಜೆಗೆ ಒದ್ದೆ ಬಟ್ಟೆಯ ಹಾಗೆ ಬಿದ್ದಿರುತ್ತದೆ. ಈ ಸಲ ಹುಟ್ಟಿದ್ದು ಒಂಬತ್ತು. ಇಲಾಖೆಯ ಷರತ್ತು ಹೀಗಿತ್ತು. ನಾಲ್ಕು ವಾರ ಕಳೆದ ಮೇಲೆ ದೊಡ್ಡ ಸಾಹೇಬರು ಬಂದು ಎಣಿಸುತ್ತಾರೆ. ಏಳು ಮರಿ ಇದ್ದರೆ ಹಂದಿ ರತ್ನಮ್ಮನಿಗೇ ಶಾಶ್ವತ. ಒಂದು ಕಡಿಮೆಯಾದರೂ, ಹೇಳಿದ ಆರೈಕೆ ಮಾಡಿಲ್ಲವೆಂದು ಕಂಡರೂ, ಹಂದಿಯನ್ನು ಕಾಮಸಮುದ್ರದ ಇನ್ನೊಬ್ಬ ಅರ್ಜಿದಾರನ ಮನೆಗೆ ಸಾಗಿಸುತ್ತಾರೆ. ಆ ಅರ್ಜಿದಾರ ಆಗಲೇ ಎರಡು ಸಲ ಬಂದು ಹಂದಿಯ ಉದ್ದ ಅಳೆದುಕೊಂಡು ಹೋಗಿದ್ದ.

ಹಾಲು ಬಿಡಿಸುವ ದಿನ ಉತ್ತರೆ ಮಳೆ ಹಿಡಿದಿತ್ತು. ಮೇವಿನಲ್ಲಿ ಬೆರೆಸಿ ಕೊಡುವ ಆ್ಯಂಟಿಬಯೋಟಿಕ್ ಪುಡಿಯ ಡಬ್ಬಿಯನ್ನು ನಾನು ಕೊಡೆಯಡಿ ಮಗುವಿನಂತೆ ಎತ್ತಿಕೊಂಡು ಹೋದೆ. ಆ ತಿಂಗಳು ಸರಬರಾಜು ಆಗಿದ್ದದ್ದೇ ಒಂದು ಡಬ್ಬಿ. ಎಷ್ಟು ಬಿಗಿ ಹಿಡಿದರೂ ಅದು ನಾಲ್ಕು ಮರಿಗೆ ನಾಲ್ಕು ವಾರ ಬರುತ್ತಿತ್ತು, ಒಂಬತ್ತಕ್ಕಲ್ಲ.

"ಮಿಕ್ಕ ಐದಕ್ಕೆ?" ಎಂದಳು ರತ್ನಮ್ಮ.

ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಅವಳ ಅತ್ತೆ ಮುನಿಯಮ್ಮ ನನ್ನ ಕಡೆ ನೋಡದೆ ಹೇಳಿದಳು. "ಮಿಕ್ಕಿದ್ದಕ್ಕೆ ನಾನಿಲ್ವಾ? ಬೆಳ್ಳುಳ್ಳಿ, ಓಮ, ಅರಿಶಿನ, ದಾಳಿಂಬೆ ಸಿಪ್ಪೆ, ಸೀಬೆ ಚಿಗುರು. ಅರದು ರಾಗಿ ಗಂಜೀಲಿ ಆಕದು. ನನ್ನ ಆರು ಮಕ್ಳೂ ಅದ್ರಲ್ಲೇ ಬದುಕಿದ್ವು."

"ಮಕ್ಕಳು ಬೇರೆ, ಹಂದಿ ಬೇರೆ ಅಮ್ಮ."

"ನೀನು ನನ್ನ ಮಕ್ಳನ್ನ ನೋಡಿಲ್ಲ ಕಣಪ್ಪ."

ನನ್ನ ತಲೆಯೊಳಗೆ ದೀಪ ಹತ್ತಿದ್ದು ಆಗ. ಔಷಧಿ ಸಾಲದು ಎಂಬುದನ್ನು ಪ್ರಯೋಗ ಎಂದು ಕರೆದರೆ ಅದು ಕೊರತೆಯಾಗಿ ಉಳಿಯುವುದಿಲ್ಲ. ನಾಲ್ಕಕ್ಕೆ ಪುಡಿ, ಐದಕ್ಕೆ ಸೊಪ್ಪುಸಿಪ್ಪೆ. ನಾಲ್ಕು ವಾರ ದಿನವೂ ಬರೆದಿಟ್ಟು, ಅಜ್ಜಿಯ ಮದ್ದು ನಿಜವಾಗಿ ಕೆಲಸ ಮಾಡುತ್ತದೋ ಇಲ್ಲವೋ ತೋರಿಸಿ, ಓದಿದ ಕಾಲೇಜಿಗೆ ಕಳಿಸುವುದು. ಅವರು ಬೆರಗಾಗಿ ನನ್ನನ್ನು ವಾಪಸು ಕರೆಸಿಕೊಳ್ಳುವುದು. ಏರಿಯ ಮೇಲೆ ಒಂದು ಮೈಲಿ ಕೆಸರು ತುಳಿಯುವುದು ತಪ್ಪುವುದು. ರಟ್ಟಿನ ಹೊದಿಕೆಯ ಉದ್ದನೆಯ ರಿಜಿಸ್ಟರ್ ಒಂದನ್ನು ಆ ಸಂಜೆಯೇ ಕೊಂಡೆ.

ಹಂದಿಗೂಡಿನ ನಡುವೆ ಹಳೆಯ ತಗಡು ನಿಲ್ಲಿಸಿ ಎರಡು ಭಾಗ ಮಾಡಿದೆವು. ಎರಡು ಕಡೆಗೂ ಒಂದೊಂದು ಕಲ್ಲುಬಾನಿ. ಪುಡಿಯ ಕಡೆ ರತ್ನಮ್ಮ, ಗಂಜಿಯ ಕಡೆ ಮುನಿಯಮ್ಮ. ಗುರುತಿಗೆ ಪುಡಿಯ ಮರಿಗಳ ಬೆನ್ನಿಗೆ ಬಟ್ಟೆಗೆ ಹಾಕುವ ನೀಲಿ ಹಚ್ಚಿದೆ. ಮೂರು ದಿನ ಬಿಟ್ಟು ಹೋದರೆ ತಗಡು ಬಿದ್ದಿತ್ತು, ಒಂಬತ್ತೂ ಒಂದೇ ಕೆಸರಿನ ಬಣ್ಣದಲ್ಲಿದ್ದವು. ತೊಳೆಸಿದೆ. ನೀಲಿ ಒಂಬತ್ತಕ್ಕೂ ಸಮನಾಗಿ ಹತ್ತಿತ್ತು. ಕೊರಳಿಗೆ ಕೆಂಪು ದಾರ ಕಟ್ಟಿಸಿದೆ. ಒಂದರ ದಾರವನ್ನು ಇನ್ನೊಂದು ತಿಂದಿತು. ಕೊನೆಗೆ ಬಾಯಿ ಬಿಡಿಸಿ ನೋಡಿ ತಿಳಿಯೋಣವೆಂದರೆ ಇಲಾಖೆಯ ಪುಡಿಯೂ ಹಳದಿ, ಅರಿಶಿನವೂ ಹಳದಿ.

"ಯಾಕಿಂಗೆ ಒದ್ದಾಡ್ತೀರ ಸಾರ್?" ಎಂದಳು ರತ್ನಮ್ಮ. "ನನಗೆ ಗೊತ್ತಿಲ್ವಾ ಯಾವ್ದು ಯಾವ್ದಂತ. ಇದು ಗುಂಡ. ಇದು ಕೆಂಪಿ. ಅಗೋ ಎಲ್ರನ್ನೂ ತಳ್ಕೊಂಡು ಮುಂದೆ ಬತ್ತೈತಲ್ಲ, ಅದು ಮೇಸ್ತ್ರಿ."

ಹೀಗೆ ವಿಜ್ಞಾನ ರತ್ನಮ್ಮನ ಬಾಯಿಮಾತಿಗೆ ಬಂದು ನಿಂತಿತು. ಅವಳು ಹೇಳಿದ್ದನ್ನು ನಾನು ಬರೆದುಕೊಂಡೆ.

ಮುನಿಯಮ್ಮನ ಅಳತೆಯದು ಇನ್ನೊಂದು ಕಥೆ. ಎಷ್ಟು ಬೆಳ್ಳುಳ್ಳಿ ಎಂದರೆ ಒಂದು ಹಿಡಿ. ಎಷ್ಟು ಓಮ ಎಂದರೆ ಅರೆ ಹಿಡಿ. ನಾನು ಆಸ್ಪತ್ರೆಯ ಸಣ್ಣ ತಕ್ಕಡಿ ತಂದು ಆ ಹಿಡಿಯನ್ನು ತೂಗಿದೆ. ಸೋಮವಾರದ ಹಿಡಿಗೂ ಗುರುವಾರದ ಹಿಡಿಗೂ ಅರ್ಧಕ್ಕರ್ಧ ವ್ಯತ್ಯಾಸ. ಕಾರಣ ಕೇಳಿದೆ.

"ಸೋಮಾರ ಮರಿ ಕಣ್ಣು ಪಿಳಿಪಿಳಿ ಅಂತಿದ್ವು, ಕಮ್ಮಿ ಆಕ್ದೆ. ಇವತ್ತು ಮಂಕಾಗವೆ, ಜಾಸ್ತಿ ಆಕ್ದೆ. ಕಣ್ಣು ನೋಡಿ ಆಕದಪ್ಪ, ತಕ್ಕಡಿ ನೋಡಿ ಅಲ್ಲ."

"ಹಾಗಾದರೆ ನಾನೇನು ಬರೆಯಲಿ?"

"ಒಂದು ಹಿಡಿ ಅಂತ ಬರಿ. ಸುಳ್ಳಾ ಅದು?"

ಸುಳ್ಳಲ್ಲ. ಬರೆದೆ.

ಆ ದಿನಗಳಲ್ಲಿ ಊರಿನ ನಾಯಿಗಳೆಲ್ಲ ಬಾಯಲ್ಲಿ ನೀರು ಸುರಿಸಿಕೊಂಡು ರತ್ನಮ್ಮನ ಹಿತ್ತಲಲ್ಲಿ ಕಾಯುತ್ತಿದ್ದವು. ಅವಳ ಗಂಡ ಪಾಳಿಯಿಂದ ಹಸಿದು ಬಂದವನು ಬಾಗಿಲಲ್ಲೇ ನಿಂತು, "ಏನ್ ಸಾರೇ ಇವತ್ತು, ಗಮ್ಮಂತೈತೆ" ಎಂದು ಕೇಳುವನಂತೆ. "ಅದು ಅಂದೀದು. ನಿನಗೆ ಉಪ್ಪುಸಾರು" ಎಂದು ಮುನಿಯಮ್ಮ ಹೇಳುವಳಂತೆ. ಇದನ್ನು ನಾನು ಕಣ್ಣಾರೆ ಕಂಡೆನೋ ರತ್ನಮ್ಮ ಹೇಳಿದ್ದನ್ನು ಕೇಳಿದೆನೋ ಈಗ ಗೊತ್ತಿಲ್ಲ. ಆದರೆ ಅವನ ಮುಖ ಕಣ್ಣಿಗೆ ಕಟ್ಟಿದ ಹಾಗಿದೆ.

ಹಸ್ತ ಮಳೆ ಹಿಡಿದ ವಾರ ಭೇದಿ ಬಂತು. ಇಲ್ಲಿ ಮೋಡ ಕವಿದು ಕತ್ತಲಾಗಿತ್ತು ಎಂದು ಬರೆಯಲು ಕೈ ತವಕಿಸುತ್ತದೆ, ಆದರೆ ಅವತ್ತು ಬಿಸಿಲಿತ್ತೆಂದು ತೋರುತ್ತದೆ, ಏಕೆಂದರೆ ಕೆಂಪಿ ನೆರಳಿನಲ್ಲಿ ಮಲಗಿತ್ತು. ಗಂಜಿಯ ಗುಂಪಿನ ಐದರಲ್ಲಿ ಮೂರಕ್ಕೆ ಭೇದಿ. ಪುಡಿಯ ಗುಂಪಿನ ನಾಲ್ಕು ಸರಿಯಾಗಿದ್ದವು. ಮಧ್ಯಾಹ್ನದ ಹೊತ್ತಿಗೆ ಕೆಂಪಿ ಸತ್ತಿತು. ಹುಣಸೆಮರದ ಬುಡದಲ್ಲಿ ಗುಂಡಿ ತೋಡಿ ಬಂದು ರತ್ನಮ್ಮ ಕೈ ತೊಳೆದುಕೊಂಡಳು.

"ಎಂಟು" ಎಂದಳು. "ಇನ್ನೊಂದು ಓದ್ರೂ ಏಳು. ಅದ್ರಾಚೆ ಒಂದು ಓದ್ರೆ ನಮ್ಮ ಅಂದಿಯೋರು ಕಾಮಸಮುದ್ರಕ್ಕೆ ಓಗ್ತಾರೆ."

ನಾನು ರಿಜಿಸ್ಟರ್ ತೆರೆದು ಎಂಟು ಎಂದು ಬರೆದುಕೊಂಡೆ.

"ಸಾರ್, ಆ ಪುಡೀನ ಎಲ್ಲಕ್ಕೂ ಒಂದೊಂದು ಚಿಟಿಕೆ ಆಕಬಾರ್ದಾ?"

ಹಾಕಬಹುದಿತ್ತು. ಹಾಕಿದರೆ ಎರಡು ಗುಂಪು ಒಂದಾಗುತ್ತಿತ್ತು, ರಿಜಿಸ್ಟರ್ ಅಲ್ಲಿಗೆ ಮುಗಿಯುತ್ತಿತ್ತು. ಎರಡು ವಾರದ ಬರಹ ಅದರಲ್ಲಿತ್ತು, ಕಾಲೇಜಿಗೆ ಕಳಿಸುವ ಕಾಗದದ ಮೊದಲ ಸಾಲು ಕೂಡ ನನ್ನ ತಲೆಯಲ್ಲಿ ತಯಾರಾಗಿತ್ತು. "ಇನ್ನೆರಡು ದಿನ ನೋಡೋಣ ರತ್ನಮ್ಮ" ಎಂದೆ. ಆ ಮಳೆಗಾಲದ ಎಷ್ಟೋ ಸಂಗತಿಗಳು ಅಳಿಸಿಹೋಗಿವೆ, ಕೆಲವನ್ನು ನಾನೇ ಚೆಂದ ಮಾಡಿಕೊಂಡಿದ್ದೇನೆ. ಈ ಮಾತೊಂದು ಮಾತ್ರ ಅಂದಿದ್ದ ಹಾಗೆಯೇ ಉಳಿದಿದೆ. ಮುನಿಯಮ್ಮ ಜಗಲಿಯಿಂದ ಒಮ್ಮೆ ನನ್ನನ್ನು, ಒಮ್ಮೆ ಗೋಡೆಯ ಗೂಟಕ್ಕೆ ನೇತುಹಾಕಿದ್ದ ಚೀಲದಲ್ಲಿನ ಪುಡಿಯ ಡಬ್ಬಿಯನ್ನು ನೋಡಿದಳು. ಎಲೆಅಡಿಕೆ ಉಗಿದು ಒಳಗೆ ಹೋದಳು.

ಎರಡು ದಿನ ನನಗೆ ಸರಿಯಾಗಿ ಊಟ ಸೇರಲಿಲ್ಲ. ಮೂರನೆಯ ದಿನ ಏರಿಯ ಮೇಲೆ ಓಡುತ್ತಲೇ ಹೋದೆ. ಎಂಟೂ ಬದುಕಿದ್ದವು. ಭೇದಿ ನಿಂತಿತ್ತು. ಮೇಸ್ತ್ರಿ ನನ್ನ ಚಪ್ಪಲಿಯ ಬಾರು ಕಚ್ಚಿ ಎಳೆಯಿತು. ಹಂದಿಯೊಂದನ್ನು ತಬ್ಬಿಕೊಳ್ಳುವ ಮನಸ್ಸಾದದ್ದು ನನ್ನ ಇಡೀ ನೌಕರಿಯಲ್ಲಿ ಅದೊಂದೇ ಸಲ. ರಿಜಿಸ್ಟರ್ ತೆರೆದು, "ಪುಡಿ ಇಲ್ಲದೆಯೇ ಗಂಜಿಯ ಗುಂಪು ಚೇತರಿಸಿಕೊಂಡಿದೆ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಅಜ್ಜಿಯ ಮದ್ದು ಗೆದ್ದಿತ್ತು, ಅಂದರೆ ನಾನು ಗೆದ್ದಿದ್ದೆ.

ಚಿತ್ತೆ ಮಳೆಯ ಆರಂಭದಲ್ಲಿ ದೊಡ್ಡ ಸಾಹೇಬರ ಜೀಪು ಬಂತು. ಅವರು ಎತ್ತರದ, ಮೂಗು ಚುರುಕಾದ ಮನುಷ್ಯ. ಇಳಿಯುತ್ತಲೇ ಮೂಗೆತ್ತಿ, "ಯಾರ ಮನೆಯಲ್ಲಿ ಒಗ್ಗರಣೆ?" ಎಂದರು.

"ಅದು ಮರಿಗಳದು ಸಾರ್" ಎಂದೆ.

ಓಡುವ ಹಂದಿಮರಿಗಳನ್ನು ಎಣಿಸುವುದು ಸುಲಭವಲ್ಲ. ಸಾಹೇಬರು ಒಂದು ಸಲ ಆರು ಎಣಿಸಿದರು, ರತ್ನಮ್ಮನ ಮುಖ ಸುಣ್ಣದ ಹಾಗಾಯಿತು. ಇನ್ನೊಂದು ಸಲ ಹತ್ತು ಎಣಿಸಿದರು. ಮುನಿಯಮ್ಮ ಒಳಗಿಂದ ಗಂಜಿಯ ಮಡಕೆ ತಂದು, "ರಾ ರಾ ರಾ" ಎಂದು ತೆಲುಗಿನಲ್ಲಿ ಕರೆದಳು. ಹಂದಿಗಳನ್ನು ಅವಳು ತೆಲುಗಿನಲ್ಲಿ ಕರೆಯುತ್ತಿದ್ದಳು, ಬೈಯುವುದು ಕನ್ನಡದಲ್ಲಿ. ಎಂಟೂ ಬಂದು ಒಂದೇ ಬಾನಿಯ ಮುಂದೆ ಸಾಲಾಗಿ ನಿಂತವು. ಎಂಟು ಬಾಲ. ಸಾಹೇಬರು ಬೆರಳಿಟ್ಟು ಎಣಿಸಿ, "ಭೇಷ್" ಎಂದರು. ರತ್ನಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಅಲ್ಲಿಗೆ ಬಿಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು. ನಾನು ಬಿಡಲಿಲ್ಲ. "ಸಾರ್, ಒಂದು ವಿಷಯ ತೋರಿಸಬೇಕು" ಎಂದು ರಿಜಿಸ್ಟರ್ ಅನ್ನು ಎರಡೂ ಕೈಯಲ್ಲಿ ಕೊಟ್ಟೆ, ದೇವಸ್ಥಾನದಲ್ಲಿ ಹಣ್ಣುಕಾಯಿ ಕೊಡುವ ಹಾಗೆ.

ಸಾಹೇಬರು ಒಂದು ಪುಟ ಓದಿದರು. ಎರಡನೆಯದನ್ನು ಓದಿದರು. ಅವರ ಕುತ್ತಿಗೆ ಕೆಂಪಾಯಿತು.

"ಐದು ಮರಿಗೆ ಔಷಧಿಯನ್ನೇ ಕೊಟ್ಟಿಲ್ಲವೇನ್ರೀ?"

"ಸಾಲುತ್ತಿರಲಿಲ್ಲ ಸಾರ್. ಅದಕ್ಕೇ ಹೋಲಿಕೆಗೆ..."

"ಒಂದು ಸತ್ತಿದೆ. ಔಷಧಿ ಕೊಡದ ಗುಂಪಿನಲ್ಲೇ ಸತ್ತಿದೆ. ನೀವೇ ಬರೆದಿದ್ದೀರಿ. ಇಲಾಖೆಯ ಹಂದಿ ಅಂದರೆ ನಿಮ್ಮ ಕಾಲೇಜಿನ ಇಲಿ ಅಂದುಕೊಂಡಿರಾ? ನಿಮಗೆ ಆಮೇಲೆ ಹೇಳುತ್ತೇನೆ." ರತ್ನಮ್ಮನ ಕಡೆ ತಿರುಗಿದರು. "ಏನಮ್ಮ, ಕೊಟ್ಟ ಔಷಧಿ ಕೊಡಬೇಕು ಅಂತ ಷರತ್ತಿಗೆ ಹೆಬ್ಬೆಟ್ಟು ಒತ್ತಿದ್ದೀಯಲ್ಲ? ಕೊಟ್ಟಿಲ್ಲ ಅಂತ ಇಲ್ಲಿ ಬರಹದಲ್ಲಿದೆ. ನಾನೇನು ಮಾಡಲಿ? ಹಂದಿ ಕಾಮಸಮುದ್ರಕ್ಕೆ ಹೋಗಬೇಕಾಗುತ್ತದೆ."

ಎಂಟು ಮರಿಗಳನ್ನು ಉಳಿಸಿಕೊಂಡ ಹೆಂಗಸಿನ ಹಂದಿಯನ್ನು ನನ್ನ ಅಂದವಾದ ಅಕ್ಷರ ಜೀಪು ಹತ್ತಿಸುತ್ತಿತ್ತು. ರತ್ನಮ್ಮ ಹೋಗಿ ಹಂದಿಯ ಪಕ್ಕದಲ್ಲಿ ನಿಂತು ಅದರ ಬೆನ್ನ ಮೇಲೆ ಕೈಯಿಟ್ಟಳು. ಅಷ್ಟೇ. ಅಳಲಿಲ್ಲ.

ಮಾತಾಡಿದವಳು ಮುನಿಯಮ್ಮ. ಮಡಕೆಯನ್ನು ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟುಕೊಂಡಳು.

"ಕೊಟ್ಟಿಲ್ಲ ಅಂತ ಯಾರು ಏಳಿದ್ದು ಸ್ವಾಮಿ?"

"ಈ ರಿಜಿಸ್ಟರ್ ಹೇಳುತ್ತೆ."

"ಅದಕ್ಕೇನು ಗೊತ್ತು? ಅದು ಬಂಗಾರಪೇಟೇಲಿ ಇರ್ತದೆ, ಮರಿಗಳು ಇಲ್ಲಿರ್ತವೆ. ಒಂದು ಪಂಕ್ತೀಲಿ ಕುಂತೋರಲ್ಲಿ ನಾಕು ಜನಕ್ಕೆ ಬಡಿಸಿ ಐದು ಜನದ ಎಲೆ ಖಾಲಿ ಬಿಡದು ನಮ್ಮನೇಲಿ ಇಲ್ಲ. ನಂಟರಿಗೂ ಇಲ್ಲ, ಅಂದಿಗೂ ಇಲ್ಲ. ಬಡಿಸೋಳಿಗೆ ಪಾಪ ಸುತ್ಕೊಂತದೆ. ನಾನು ಗಂಜೀನೂ ಎಲ್ಲಕ್ಕೂ ಆಕಿದ್ದೀನಿ, ನಿಮ್ಮ ಪುಡೀನೂ ಎಲ್ಲಕ್ಕೂ ಆಕಿದ್ದೀನಿ."

"ಮತ್ತೆ ಇವರು ಹೀಗೆ ಬರೆದಿದ್ದಾರಲ್ಲ, ದಿನ ದಿನಕ್ಕೆ?"

"ಅದಾ?" ಮುನಿಯಮ್ಮ ನನ್ನ ಕಡೆ ಕರುಣೆಯಿಂದ ನೋಡಿದಳು. "ಆ ಮಗೀಗೆ ಬರೆಯದಂದ್ರೆ ಬಲೇ ಇಷ್ಟ. ಬಿಸಿಲು ಮಳೆ ಅನ್ನದೆ ನಡ್ಕೊಂಡು ಬತ್ತಾನೆ. ಬರ್ಕೊಳ್ಳಲಿ ಪಾಪ, ನಾವ್ಯಾಕೆ ಬ್ಯಾಡ ಅನ್ನಾಣ ಅಂತ ಸುಮ್ಕಿದ್ವಿ."

ಜೀಪಿನ ಡ್ರೈವರ್ ಬೇರೆ ಕಡೆ ಮುಖ ತಿರುಗಿಸಿಕೊಂಡು ನಕ್ಕ. ಸಾಹೇಬರು ಡಬ್ಬಿ ತರಿಸಿದರು. ಖಾಲಿ. ನಾಲ್ಕು ಮರಿಗೆ ಪೂರ್ತಿ ಕೊಟ್ಟಿದ್ದರೂ ಅದು ಖಾಲಿಯೇ, ಒಂಬತ್ತಕ್ಕೆ ಹಂಚಿದ್ದರೂ ಖಾಲಿಯೇ. ಅವರು ಡಬ್ಬಿಯ ತಳ ನೋಡಿದರು, ಮುನಿಯಮ್ಮನನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಈಯಮ್ಮ ಹೇಳೋದು ಸುಳ್ಳೋ, ನಿಮ್ಮ ರಿಜಿಸ್ಟರ್ ಸುಳ್ಳೋ? ಒಂದು ಹೇಳ್ರೀ."

ಕಾಲೇಜು, ಅಲ್ಲಿಯ ಉದ್ದ ಮೇಜುಗಳು, ಏರಿಯಿಲ್ಲದ ಊರು, ಎಲ್ಲ ಒಮ್ಮೆ ಕಣ್ಣಮುಂದೆ ಹಾದುಹೋದವು. ಎರಡು ದಿನ ನೋಡೋಣ ಎಂದ ನನ್ನ ಮಾತೂ ಹಾದುಹೋಯಿತು.

"ರಿಜಿಸ್ಟರ್ ಸುಳ್ಳು ಸಾರ್" ಎಂದೆ.

"ಹಾಗಾದರೆ ಹೊಡೆದುಹಾಕಿ ಸಹಿ ಮಾಡಿ."

ಜೀಪಿನ ಮೂತಿಯ ಮೇಲೆ ರಿಜಿಸ್ಟರ್ ಇಟ್ಟುಕೊಂಡು ಪುಟಪುಟವನ್ನೂ ಹೊಡೆದುಹಾಕಿದೆ. ನನ್ನ ನೆನಪಿನಲ್ಲಿ ಕೈ ನಡುಗಿತು, ಗೀಟುಗಳು ವಕ್ರವಾಗಿ ಓಡಿದವು, ಒಂದು ಕಡೆ ಕಾಗದ ಹರಿಯಿತು. ಸಾಹೇಬರು ತಮ್ಮ ಫಾರಂನಲ್ಲಿ "ಎಂಟು ಮರಿ, ಔಷಧಿ ನೀಡಲಾಗಿದೆ" ಎಂದು ಬರೆದರು. ಹಂದಿ ಉಳಿಯಿತು. ಜೀಪು ಹತ್ತುವ ಮುಂಚೆ ಅವರು ಮುನಿಯಮ್ಮನನ್ನು ಪಕ್ಕಕ್ಕೆ ಕರೆದು, ತಮ್ಮ ಮನೆಯ ನಾಯಿಗೂ ಹೊಟ್ಟೆ ಸರಿಯಿಲ್ಲವೆಂದು ಹೇಳಿ, ಎಷ್ಟು ಬೆಳ್ಳುಳ್ಳಿ ಎಂದು ಮೆಲ್ಲಗೆ ಕೇಳಿದರು. "ನಾಯಿ ಕಣ್ಣು ನೋಡ್ಬೇಕಲ್ಲ ಸ್ವಾಮಿ" ಎಂದಳು ಅವಳು.

ಅದಾಗಿ ನಾನು ಎಷ್ಟೋ ಊರು ತಿರುಗಿದೆ, ಕಾಲೇಜಿಗೆ ಹಿಂತಿರುಗಲಿಲ್ಲ. ಮರಿಗಳಿಗೆ ಪುಡಿ ಕಡಿಮೆ ಮಾಡಿ, ಬೆಳ್ಳುಳ್ಳಿ ಓಮ ಕೊಟ್ಟು ನೋಡಿ ಎಂದು ಈಗ ದೊಡ್ಡ ದೊಡ್ಡವರೇ ಹೇಳುತ್ತಾರೆ. ಅಂಥ ಮಾತು ಕೇಳಿದಾಗಲೆಲ್ಲ ನನಗೆ ಹೊಡೆದುಹಾಕಿದ ಆ ಪುಟಗಳು ನೆನಪಾಗುತ್ತವೆ, ಒಂದು ಸಂಶಯವೂ ಎದ್ದು ಕೂರುತ್ತದೆ. ಮುನಿಯಮ್ಮ ನಿಜವಾಗಿ ಎಲ್ಲಕ್ಕೂ ಪುಡಿ ಹಾಕಿದ್ದಳೋ, ಇಲ್ಲ ಹಂದಿ ಉಳಿಸಲು ಆ ಕ್ಷಣದಲ್ಲಿ ಹುಟ್ಟಿಸಿದ ಮಾತೋ ಅದು? ಹಾಕಿದ್ದರೆ ನನ್ನ ಪ್ರಯೋಗ ಕಸ. ಹಾಕದಿದ್ದರೆ ರಿಜಿಸ್ಟರ್‌ನಲ್ಲಿದ್ದದ್ದೆಲ್ಲ ನಿಜ, ಇಡೀ ನೌಕರಿಯಲ್ಲಿ ನಾನು ಕಂಡುಹಿಡಿದ ಒಂದೇ ಒಂದು ಸತ್ಯವನ್ನು ನಾನೇ ನಿಂತು ಹೊಡೆದುಹಾಕಿದೆ.

ಪಾನಿಪುರಿಯ ಮಾರನೆಯ ದಿನ ಕಾಮಸಮುದ್ರದ ಬಸ್ಸು ಹತ್ತಿದೆ. ಮುನಿಯಮ್ಮ ಇಲ್ಲ. ರತ್ನಮ್ಮನ ಕೂದಲು ಪೂರ್ತಿ ಬೆಳ್ಳಗಾಗಿದೆ. ಹಂದಿಗೂಡಿದ್ದ ಕಡೆ ಸೀಮೆಹಸುಗಳು. ನನ್ನನ್ನು ಗುರುತಿಸಲು ಅವಳಿಗೆ ತುಸು ಹೊತ್ತು ಹಿಡಿಯಿತು, ಗುರುತಿಸಿದ ಮೇಲೆ ಚಾಪೆ ಹಾಸಿದಳು. ನೇರವಾಗಿ ಕೇಳಿದೆ.

"ನಾನಂತೂ ನಾಕಕ್ಕೇ ಆಕ್ತಿದ್ದೆ ಸಾರ್, ನೀವೇಳ್ದಂಗೆ" ಎಂದಳು. "ಅತ್ತೆ ಡಬ್ಬಿ ಮುಟ್ಟಿದ್ಲೋ ಇಲ್ವೋ ನಾನು ಕಂಡಿಲ್ಲ. ಜೀಪು ಓದ ಮೇಲೆ ನಾನೂ ಇದನ್ನೇ ಕೇಳ್ದೆ. ನಿಜ ಏಳತ್ತೆ, ಆಕಿದ್ಯಾ ಅಂತ."

"ಏನಂದಳು?"

"ಅಂದಿ ಉಳೀತಲ್ಲ, ಇನ್ನೇನು ಬೇಕೇ ನಿಂಗೆ ಅಂದ್ಲು."

ನನ್ನ ಮುಖ ಇಳಿದದ್ದು ಅವಳಿಗೆ ಕಂಡಿರಬೇಕು.

"ಬ್ಯಾಸರ ಮಾಡ್ಕೋಬ್ಯಾಡಿ ಸಾರ್. ಗೀಟು ಮಾತ್ರ ಬಲೇ ನೇರಕ್ಕೆ ಎಳೆದ್ರಿ."

"ಇಲ್ಲ ರತ್ನಮ್ಮ, ಕೈ ನಡುಗುತ್ತಿತ್ತು."

"ಎಲ್ಲಿ ನಡುಗ್ತು? ಅಡಿಪಟ್ಟಿ ಐತಾ ಅಂತ ನನ್ನ ಕೇಳಿದ್ರಿ. ಇಲ್ಲ ಅಂತ ಮುದ್ದೆ ಕೋಲು ತಂದ್ಕೊಟ್ಟೆ. ಅದನ್ನ ಒರೆಸ್ಕೊಂಡು, ಇಟ್ಕೊಂಡು, ಒಂದೊಂದು ಪುಟಾನೂ ಗೀಟಾಕಿದ್ರಿ. ಆಮೇಲೆ ಕೋಲು ತೊಳ್ದು ವಾಪಸ್ ಕೊಟ್ರಿ."